ಪೇಟೆಗೆ ಹತ್ತಿರ, ಹಿತ್ತಲಿಗೆ ಜಾಗ: ಕಾರವಾರ-ಅಂಕೋಲೆ ಸೀಮೆಯ ಮನೆ ಹುಡುಕಾಟದ ಚರಿತ್ರೆ

ಸಂಘದ ಬೆಳ್ಳಿಹಬ್ಬದ ಸ್ಮರಣ ಸಂಚಿಕೆಗೆ ಊರಿನ ಚರಿತ್ರೆ ಬರೆದುಕೊಡಿ ಎಂದು ಸಂಪಾದಕ ಮಂಡಳಿಯವರು ಕೇಳಿದರು. ಕೋಟೆ, ಬಂದರು, ದೇವಸ್ಥಾನಗಳ ಚರಿತ್ರೆಯನ್ನು ಬಲ್ಲವರು ಬೇಕಷ್ಟು ಬರೆದಿದ್ದಾರೆ. ನಾನು ಮನೆಯ ಚರಿತ್ರೆ ಬರೆಯುತ್ತೇನೆ ಎಂದೆ. ಸಂಘಕ್ಕೆ ಸಾಲ ಕೇಳಿಕೊಂಡು ಬರುವ ಪ್ರಾಯದ ಹುಡುಗರ ಬಾಯಲ್ಲಿ ಬರುವುದು ಹೆಚ್ಚುಕಡಿಮೆ ಒಂದೇ ಮಾತು: "ಕಾರವಾರಕ್ಕೆ ದಿನಾ ಹೋಗಿ ಬರೂಕೆ ಆಗ್ಬೇಕು, ನಾಕು ತೆಂಗಿನ ಸಸಿ ಹಾಕೂಕೆ ಜಾಗ ಬೇಕು, ದುಡ್ಡು ಮಾತ್ರ ಇಷ್ಟೇ ಅದೆ." ಈ ಮಾತು ಇಂದು ನಿನ್ನೆಯದಲ್ಲ. ಜಾಗ ಸಿಗದೇ ಇರುವುದಕ್ಕೆ ದರವೊಂದೇ ಕಾರಣವೂ ಅಲ್ಲ.

ಮೊದಲು ನೆಲವನ್ನೇ ನೋಡಿ. ಪಡುವಲಿಗೆ ಸಮುದ್ರ, ಮೂಡಲಿಗೆ ಸಹ್ಯಾದ್ರಿಯ ಗುಡ್ಡ, ಉತ್ತರಕ್ಕೆ ಕಾಳಿ ಹೊಳೆ, ದಕ್ಷಿಣಕ್ಕೆ ಗಂಗಾವಳಿ. ನಡುವೆ ಉಳಿದದ್ದು ಒಂದು ಸಪೂರ ಪಟ್ಟಿ. ಕೆಲವು ಕಡೆ ಗುಡ್ಡವೇ ಕಡಲಿಗೆ ಕಾಲು ಚಾಚಿ ಆ ಪಟ್ಟಿಯನ್ನೂ ನುಂಗಿದೆ. ಉಳಿದಷ್ಟರಲ್ಲೇ ಗದ್ದೆ, ಉಪ್ಪುನೀರು ನುಗ್ಗುವ ಗಜನಿ, ತೆಂಗಿನ ಹಿತ್ತಲು, ಹೆದ್ದಾರಿ, ಮನೆ ಎಲ್ಲ ಆಗಬೇಕು. ಜಿಲ್ಲೆಯ ಮುಕ್ಕಾಲು ಪಾಲಿಗೂ ಮಿಕ್ಕಿ ಅರಣ್ಯ. ಬಯಲುಸೀಮೆಯಲ್ಲಿ ಪೇಟೆ ಬೆಳೆದರೆ ನಾಲ್ಕೂ ದಿಕ್ಕಿಗೆ ಹಬ್ಬುತ್ತದೆ. ನಮ್ಮಲ್ಲಿ ಹಬ್ಬುವುದಾದರೆ ರಸ್ತೆಯ ಗುಂಟ ಉದ್ದಕ್ಕೆ ಮಾತ್ರ.

೧೮೬೨ರಲ್ಲಿ ಉತ್ತರ ಕನ್ನಡವನ್ನು ಮದ್ರಾಸಿನಿಂದ ಬಿಡಿಸಿ ಮುಂಬಯಿ ಪ್ರಾಂತಕ್ಕೆ ಸೇರಿಸಿದರು. ಆಮೇಲೆ ಕಾರವಾರ ಕಚೇರಿಗಳ ಊರಾಗಿ ಬೆಳೆಯಿತು. ಹತ್ತಿಯ ಸಾಗಾಟಕ್ಕೆ ದೊಡ್ಡ ಬಂದರು, ಘಟ್ಟದ ಮೇಲಿಂದ ರೈಲು ಎಂದೆಲ್ಲ ಸಾಹೇಬರು ಕನಸು ಕಂಡರು. ರೈಲು ಹೋದದ್ದು ಗೋವೆಯ ಮರ್ಮಗೋವೆಗೆ. (೧೯೯೦ರ ದಶಕದ ಕೊನೆಯಲ್ಲಿ ಮಂಜೂರಾದ ಹುಬ್ಬಳ್ಳಿ-ಅಂಕೋಲೆ ರೈಲೂ ಇನ್ನೂ ಬಂದಿಲ್ಲ, ಆ ವಿಷಯ ಇಲ್ಲಿ ಬೇಡ.) ದೊಡ್ಡ ಬಂದರು ಆಗದಿದ್ದರೂ ನ್ಯಾಯಾಲಯ, ಕಲೆಕ್ಟರ ಕಚೇರಿ, ಶಾಲೆಗಳು ಉಳಿದವು. ರವೀಂದ್ರನಾಥ ಟಾಗೋರರು ಕಾರವಾರದ ಕಡಲ ದಂಡೆಯಲ್ಲಿ ಉಳಿದದ್ದೂ ಅವರ ಅಣ್ಣ ಸತ್ಯೇಂದ್ರನಾಥರು ಇಲ್ಲಿ ಜಿಲ್ಲಾ ನ್ಯಾಯಾಧೀಶರಾಗಿದ್ದರು ಎಂಬ ಕಾರಣಕ್ಕೆ. ಬಂಗಲೆ ಸಾಹೇಬರಿಗಾಯಿತು, ಗುಮಾಸ್ತರು, ಸಿಪಾಯಿಗಳು ಸುತ್ತಲ ಹಳ್ಳಿಗಳಿಂದ ನಡೆದು ಬರಬೇಕಾಯಿತು.

ಹಳ್ಳಿಯಲ್ಲಾದರೂ ಸ್ವಂತ ನೆಲ ಎಷ್ಟು ಜನಕ್ಕಿತ್ತು? ಹೆಚ್ಚಿನವರು ಗೇಣಿದಾರರು. ಮನೆ ಕಟ್ಟಿದವರು ನಾವು, ನೆಲ ಒಡೆಯರದು. ಒಡೆಯರು ಏಳು ಎಂದರೆ ಎದ್ದು ಹೋಗಬೇಕು. ಹಾಗಿದ್ದೂ ೧೯೩೦ರ ಏಪ್ರಿಲ್ ೧೩ರಂದು ಅಂಕೋಲೆಯಲ್ಲಿ ಉಪ್ಪಿನ ಕಾಯಿದೆ ಮುರಿದ ಮೇಲೆ ಕರನಿರಾಕರಣೆಗೆ ಈ ತಾಲೂಕಿನ ರೈತರು ನಿಂತರು. 'ಕರ್ನಾಟಕದ ಬಾರ್ಡೋಲಿ' ಎಂಬ ಹೆಸರು ಪುಕ್ಕಟೆ ಬಂದದ್ದಲ್ಲ. ಕಂದಾಯ ಕೊಡದವರ ಜಮೀನು ಜಪ್ತಾಯಿತು, ಪಾತ್ರೆ ಪಗಡಿ ಹರಾಜಾಯಿತು. ಮುಂಬಯಿಯಲ್ಲಿ ಕಾಂಗ್ರೆಸ್ ಮಂತ್ರಿಮಂಡಲ ಬಂದ ನಂತರ ೧೯೩೮ರಲ್ಲಿ ಜಪ್ತಾದ ಜಮೀನು ಮರಳಿಸುವ ಕಾಯಿದೆಯೇ ಆಯಿತು. ನಮ್ಮ ಸೀಮೆಯವರು ದೇಶಕ್ಕಾಗಿ ನೆಲ ಕಳೆದುಕೊಂಡದ್ದು ಅದು ಮೊದಲ ಸಲ. ಆ ಸಲ ತಿರುಗಿ ಪಡೆಯಲು ಒಂದು ದಾರಿಯಾದರೂ ಇತ್ತು.

ಅಂಕೋಲೆಯ ದಿನಕರ ದೇಸಾಯಿಯವರನ್ನು ಇಂದಿನವರು ಚುಟುಕದಿಂದ ಬಲ್ಲರು. ನಮ್ಮ ಹಿರಿಯರಿಗೆ ಅವರು ರೈತಕೂಟದ ದೇಸಾಯರು. ಗೇಣಿದಾರರನ್ನು ಸಂಘಟಿಸಿದ್ದಕ್ಕೆ ಸರಕಾರ ಅವರನ್ನು ಜಿಲ್ಲೆಯಿಂದ ಗಡೀಪಾರು ಮಾಡಿತ್ತು. ೧೯೪೮ರ ಮುಂಬಯಿ ಗೇಣಿ ಕಾಯಿದೆಯಿಂದ ಅರ್ಧ ಬಾಗಿಲು ತೆರೆಯಿತು. ದೇವರಾಜ ಅರಸರ ಕಾಲದಲ್ಲಿ, ೧೯೭೪ರ ಮಾರ್ಚ್ ೧ರಿಂದ ಜಾರಿಗೆ ಬಂದ ತಿದ್ದುಪಡಿಯಿಂದ ಪೂರ್ತಿ ತೆರೆಯಿತು. ೭ನೇ ನಮೂನೆ ತುಂಬಿ ಭೂನ್ಯಾಯಮಂಡಳಿಯ ಮುಂದೆ ಕೈಕಟ್ಟಿ ನಿಂತವರು ಪಹಣಿಯಲ್ಲಿ ಹೆಸರು ಕಂಡು ಮನೆಗೆ ಬಂದರು. ಕೃಷಿ ಕೂಲಿಕಾರರು ಒಡೆಯರ ಜಾಗದಲ್ಲಿ ಕಟ್ಟಿಕೊಂಡ ಬಿಡಾರಕ್ಕೂ ಅದೇ ಕಾಯಿದೆಯಲ್ಲಿ ಹಕ್ಕು ಸಿಕ್ಕಿತು. ನನ್ನ ಮಟ್ಟಿಗೆ ಈ ಸೀಮೆಯಲ್ಲಿ ಬಡವನಿಗೆ 'ಹಿತ್ತಲಿದ್ದ ಮನೆ' ಎಂಬುದು ನಿಜವಾದದ್ದು ಅಂದಿನಿಂದ. ಹೊಲ ಸಣ್ಣದು, ಆದರೆ ಬಾವಿ, ನಾಲ್ಕು ತೆಂಗು, ಒಂದು ಹಲಸು, ಕೊಟ್ಟಿಗೆ ಎಲ್ಲ ನಮ್ಮದು. ಪೇಟೆಯ ಸಂಬಳ ಸಣ್ಣದಾದರೂ ಸಂಸಾರ ಸಾಗುತ್ತಿದ್ದದ್ದು ಈ ಹಿತ್ತಲಿನ ಬಲದಿಂದ.

ಅದೇ ಹೊತ್ತಿಗೆ ಬಸ್ಸು, ಟೆಂಪೋಗಳು ಹೆಚ್ಚಿದವು, ಬಿಣಗಾದಲ್ಲಿ ಕಾಸ್ಟಿಕ್ ಸೋಡಾ ಕಾರಖಾನೆ ಬಂತು. ೧೯೮೦ರ ದಶಕದ ಆರಂಭದಲ್ಲಿ ಕಾಳಿ ಹೊಳೆಗೆ ಸೇತುವೆಯಾಗಿ ಸದಾಶಿವಗಡ, ಚಿತ್ತಾಕುಲ, ಅಸ್ನೋಟಿ ಕಡೆಯವರಿಗೆ ದೋಣಿಯ ಕಾಯುವಿಕೆ ತಪ್ಪಿತು. (ಆ ಸೇತುವೆ ೨೦೨೪ರ ಆಗಸ್ಟ್ ೭ರ ನಸುಕಿನಲ್ಲಿ ಕುಸಿಯಿತು. ಪಕ್ಕದಲ್ಲಿ ಹೊಸತು ಇದ್ದದ್ದು ನಮ್ಮ ಪುಣ್ಯ.) ದಕ್ಷಿಣಕ್ಕೆ ಅರಗಾ, ಚೆಂಡಿಯಾ, ತೋಡೂರು, ಅಮದಳ್ಳಿ, ಹಾರವಾಡ, ಅವರ್ಸಾದವರೆಗೆ ಹಿತ್ತಲಲ್ಲಿ ಬೆಳಿಗ್ಗೆ ನೀರು ಹಾಕಿ ಹತ್ತು ಗಂಟೆಗೆ ಕಚೇರಿಯಲ್ಲಿ ಕೂಡ್ರಬಹುದಾಗಿತ್ತು. ಈ ಪಟ್ಟಿಯಷ್ಟು ಅನುಕೂಲದ ಜಾಗ ಬೇರೆ ಇರಲಿಲ್ಲ.

ಆ ಪಟ್ಟಿಯೇ ಹೋಯಿತು. ೧೯೮೬ರ ಅಕ್ಟೋಬರ್ ೨೪ರಂದು ಪ್ರಧಾನಿ ರಾಜೀವ ಗಾಂಧಿಯವರು ಸೀಬರ್ಡ್ ನೌಕಾನೆಲೆಗೆ ಅಡಿಗಲ್ಲು ಹಾಕಿದರು. ಎರಡೂ ತಾಲೂಕು ಸೇರಿ ೧೩ ಗ್ರಾಮಗಳು, ೧೧ ಸಾವಿರಕ್ಕೂ ಮಿಕ್ಕಿದ ಎಕರೆ, ನಾಲ್ಕು ಸಾವಿರಕ್ಕೂ ಹೆಚ್ಚು ಕುಟುಂಬಗಳು. ೨೦೦೫ರ ಮೇ ೩೧ರಂದು ನೆಲೆ 'ಕದಂಬ' ಎಂಬ ಹೆಸರಿನಿಂದ ನೌಕಾದಳಕ್ಕೆ ಸೇರಿತು. ದೇಶದ ರಕ್ಷಣೆಯ ಅಗತ್ಯ ಯಾರೂ ಅಲ್ಲಗಳೆದಿಲ್ಲ. ಉಪ್ಪಿನ ಸತ್ಯಾಗ್ರಹ ಮಾಡಿದವರ ಮೊಮ್ಮಕ್ಕಳಿಗೆ ಅದನ್ನು ಕಲಿಸಿಕೊಡಬೇಕಾದ್ದೂ ಇಲ್ಲ. ಆದರೆ ಲೆಕ್ಕ ಹಾಕಿದ ರೀತಿ ನೋಡಿ. ಪರಿಹಾರ ಬಂದದ್ದು ಗುಂಟೆಯ ಲೆಕ್ಕದಲ್ಲಿ. ಅದೇ ದುಡ್ಡಿನಲ್ಲಿ ಅಷ್ಟೇ ಗುಂಟೆಯನ್ನು ಕಾರವಾರಕ್ಕೆ ಅಷ್ಟೇ ದೂರದಲ್ಲಿ ಕೊಳ್ಳಬಹುದೋ ಎಂಬ ಪ್ರಶ್ನೆ ಯಾವ ಕಾಗದದಲ್ಲಿಯೂ ಇರಲಿಲ್ಲ. ನಾಲ್ಕು ಸಾವಿರ ಕುಟುಂಬ ಒಟ್ಟಿಗೇ ಉಳಿದ ಸಪೂರ ನೆಲದಲ್ಲಿ ಮನೆ ಹುಡುಕುವಾಗ ದರ ಸುಮ್ಮನಿರುತ್ತದೆಯೇ?

ತೋಡೂರು, ಮುದಗಾ, ಚಿತ್ತಾಕುಲ ಮೊದಲಾದೆಡೆ ಪುನರ್ವಸತಿ ಕಾಲನಿಗಳಾದವು. ಸೈಟು ಸಿಕ್ಕಿತು, ರಸ್ತೆ ಬಂತು. ಆದರೆ ಗೆರೆ ಎಳೆದ ಸೈಟಿನಲ್ಲಿ ಕೊಟ್ಟಿಗೆಗೆ, ಗೊಬ್ಬರ ಗುಂಡಿಗೆ, ಬಲೆ ಒಣಗಿಸಲಿಕ್ಕೆ ಜಾಗ ಎಲ್ಲಿ? ಕಡಲ ಮಗ್ಗುಲಿನ ಮೀನುಗಾರ ಮನೆಯಿಂದ ದೋಣಿಗೆ ಟೆಂಪೋ ಹಿಡಿದು ಹೋಗುವಂತಾದದ್ದು ಇಲ್ಲಿಯೇ. ಪರಿಹಾರ ಕಡಿಮೆಯಾಯಿತೆಂದು ಕೋರ್ಟಿಗೆ ಹೋದವರಿಗೆ ದರ ಏರಿತು. ಕೋರ್ಟಿಗೆ ಹೋಗದ ಬಡವರಿಗೂ ಅದೇ ದರ ಕೇಳುವ ಹಕ್ಕು ಆಗಿನ ಭೂಸ್ವಾಧೀನ ಕಾಯಿದೆಯ ೨೮ಎ ಕಲಮಿನಲ್ಲಿತ್ತು. ಆದರೆ ತೀರ್ಪು ಬಂದ ಮೂರು ತಿಂಗಳೊಳಗೆ ಅರ್ಜಿ ಹಾಕಬೇಕಿತ್ತು. ಈ ೨೮ಎ ಪ್ರಕರಣಗಳು ದಶಕಗಟ್ಟಲೆ ಎಳೆದವು. ದುಡ್ಡು ಕೈಗೆ ಬರುವ ಹೊತ್ತಿಗೆ ಅದರಲ್ಲಿ ಕೊಳ್ಳಬೇಕೆಂದಿದ್ದ ಜಾಗದ ದರ ಎಲ್ಲಿಗೋ ಹೋಗಿತ್ತು. ಅರ್ಜಿದಾರರೂ ಎಷ್ಟೋ ಜನ ಉಳಿದಿರಲಿಲ್ಲ.

ನಂತರದ ವರ್ಷಗಳಲ್ಲಿ ಉಳಿದ ನೆಲವೂ ಬಿಗಿಯಾಯಿತು. ೧೯೮೦ರ ಅರಣ್ಯ ಸಂರಕ್ಷಣಾ ಕಾಯಿದೆಯಿಂದ ಮೂಡಲ ಬದಿ ಮುಚ್ಚಿತು. ೧೯೯೧ರ ಫೆಬ್ರವರಿ ೧೯ರ ಕರಾವಳಿ ನಿಯಂತ್ರಣ ಅಧಿಸೂಚನೆಯಿಂದ ಪಡುವಲ ಬದಿಯಲ್ಲಿ ಭರತದ ಗೆರೆಯಿಂದ ೫೦೦ ಮೀಟರಿನವರೆಗೆ ನಿರ್ಬಂಧ ಬಂತು. ಕೊಂಕಣ ರೈಲು ೧೯೯೮ರಲ್ಲಿ ಪೂರ್ತಿಯಾಗಿ ಓಡತೊಡಗಿದರೂ ಕಾರವಾರ ನಿಲ್ದಾಣ ಪೇಟೆಯಿಂದಾಚೆ ಶಿರವಾಡದಲ್ಲಿ. ದಿನದ ನೌಕರಿಯವನಿಗೆ ಬಸ್ಸೇ ಗತಿ. ಹೀಗಾಗಿ ಕಡಿಮೆ ದುಡ್ಡಿನವರು ಗುಡ್ಡದ ಬುಡಕ್ಕೆ ಸರಿದರು. ಕಾರವಾರಕ್ಕೆ ಕೂಗಳತೆಯ ಕಡವಾಡದ ಝರಿವಾಡದಲ್ಲಿ ೨೦೦೯ರ ಅಕ್ಟೋಬರ್ ೨ರಂದು ಗುಡ್ಡ ಕುಸಿದು ೧೯ ಜನ ಮಣ್ಣಾದರು. ೨೦೨೪ರ ಜುಲೈ ೧೬ರಂದು ಅಂಕೋಲೆಯ ಶಿರೂರಿನಲ್ಲಿ ಹೆದ್ದಾರಿಯ ಮೇಲೆ ಗುಡ್ಡ ಇಳಿದದ್ದು ದೇಶಕ್ಕೆಲ್ಲ ಗೊತ್ತು. ಚತುಷ್ಪಥಕ್ಕೆ ಕಡಿದ ಗುಡ್ಡದ ಕೆಳಗೆ "ಹೈವೇ ಟಚ್" ಎಂದು ಜಾಗ ತೋರಿಸುವ ದಲ್ಲಾಳಿಗಳು ಇಂದಿಗೂ ಇದ್ದಾರೆ. ಅಂಥ ಜಾಗ ನೋಡಲಿಕ್ಕೆ ಬೇಸಿಗೆಯಲ್ಲಿ ಹೋಗಬೇಡಿ, ಆಷಾಢದಲ್ಲಿ ಹೋಗಿ. ನೀರು ಎಲ್ಲಿಂದ ಇಳಿಯುತ್ತದೆಂದು ನೆರೆಮನೆಯ ಅಜ್ಜಿಯನ್ನು ಕೇಳಿ.

ಕಾಗದದ ಮಾತು ಹೇಳದೆ ಮುಗಿಸಿದರೆ ನಮ್ಮ ಸಂಘದ ಕಾರ್ಯದರ್ಶಿಗಳು ಬಿಡಲಿಕ್ಕಿಲ್ಲ. ಗೇಣಿಯಿಂದ ಬಂದ ಜಮೀನು ಮೂರು ತಲೆಮಾರಾದರೂ ಅಜ್ಜನ ಹೆಸರಿನಲ್ಲೋ ಹತ್ತು ಜನರ ಜಂಟಿ ಹೆಸರಿನಲ್ಲೋ ಇರುತ್ತದೆ. ಒಬ್ಬ ದಾಯಾದಿ ಮುಂಬಯಿಯಲ್ಲಿ, ಇನ್ನೊಬ್ಬ ಗೋವೆಯಲ್ಲಿ. ಪೋಡಿಯಾಗದ ತುಂಡಿಗೆ ಮುಂಗಡ ಕೊಟ್ಟವನು ಆಮೇಲೆ ಸಹಿ ಹುಡುಕುತ್ತ ತಿರುಗಬೇಕು. ಹೊಲದಲ್ಲಿ ಮನೆ ಕಟ್ಟುವುದಾದರೆ ಬಿನ್‌ಶೇತ್ಕಿ ಪರವಾನಿಗೆ ಮೊದಲು, ಪಾಯ ಆಮೇಲೆ. ಕೃಷಿಕರಲ್ಲದವರು ಕೃಷಿ ಜಮೀನು ಕೊಳ್ಳಬಾರದು ಎಂಬ ನಿರ್ಬಂಧವನ್ನು ೨೦೨೦ರಲ್ಲಿ ಸರಕಾರ ತೆಗೆದುಹಾಕಿತು. ಪೇಟೆಯ ನೌಕರನಿಗೆ ಇದರಿಂದ ಅನುಕೂಲವಾಯಿತು, ಒಪ್ಪೋಣ. ಆದರೆ ಅದೇ ಬಾಗಿಲಿನಿಂದ ಬೆಂಗಳೂರಿನ ದೊಡ್ಡ ಗಂಟೂ ಒಳಗೆ ಬರಬಹುದು. ರಜೆಗೆ ಒಂದು ಮನೆ ಬೇಕೆನ್ನುವವರ ಜೊತೆ ಇರಲಿಕ್ಕೆ ಮನೆ ಬೇಕೆನ್ನುವ ನಮ್ಮ ಹುಡುಗ ದರದಲ್ಲಿ ಹೇಗೆ ಸ್ಪರ್ಧಿಸಬೇಕು?

ಈಗ ಅಂಕೋಲೆಯ ಅಲಗೇರಿ, ಬೇಲೇಕೇರಿ, ಭಾವಿಕೇರಿ ಭಾಗದಲ್ಲಿ ನೌಕಾದಳದ ವಿಮಾನ ನೆಲೆಗೂ ನಾಗರಿಕ ವಿಮಾನ ನಿಲ್ದಾಣಕ್ಕೂ ಜಮೀನು ಗೊತ್ತುಪಡಿಸಿದ್ದಾರೆ. ೨೦೧೩ರ ಹೊಸ ಭೂಸ್ವಾಧೀನ ಕಾಯಿದೆಯಲ್ಲಿ ಹಳ್ಳಿಯ ನೆಲಕ್ಕೆ ಮಾರುಕಟ್ಟೆ ದರದ ನಾಲ್ಕು ಪಟ್ಟಿನವರೆಗೆ ಪರಿಹಾರ ಕೊಡಲು ಅವಕಾಶವಿದೆ. ಮಾರುಕಟ್ಟೆ ದರವೆಂದರೆ ಮುಖ್ಯವಾಗಿ ನೋಂದಣಿಯಾದ ಖರೀದಿ ಪತ್ರದ ದರ. ಮುದ್ರಾಂಕ ಉಳಿಸಲಿಕ್ಕೆಂದು ನಾವೇ ಕಡಿಮೆ ಬರೆಸಿದ ಪತ್ರಗಳು ಆ ಲೆಕ್ಕದಲ್ಲಿ ನಮ್ಮೆದುರಿಗೇ ಬರುತ್ತವೆ. ಅಲ್ಲಿಯವರು ಈಗಲೇ ಅವರ್ಸಾ, ಹಟ್ಟಿಕೇರಿ ಕಡೆ "ಐದು ಗುಂಟೆಯಾದ್ರೂ ಅದ್ಯಾ?" ಎಂದು ಕೇಳಿಕೊಂಡು ಬರುತ್ತಿದ್ದಾರೆ.