ಊರು ಅಲ್ಲೇ, ಜಿಲ್ಲೆ ಬೇರೆ: ಹೊಸೂರು ಸೀಮೆಯ ಕೋಷ್ಟಕ ತಿದ್ದುವುದು

ಹೊಸೂರು 1965ರ ತನಕ ಸೇಲಂ ಜಿಲ್ಲೆ, ಆಮೇಲೆ ಧರ್ಮಪುರಿ, 2004ರ ಫೆಬ್ರವರಿ 9ರಿಂದ ಕೃಷ್ಣಗಿರಿ. ಊರು ಕದಲಲಿಲ್ಲ, ಜಿಲ್ಲೆ ಮೂರಾಯ್ತು. 2001ರ ಜನಗಣತಿಯಲ್ಲಿ ತಳಿ, ದೆಂಕಣಿಕೋಟೆ ಕಡೆಯ ಊರುಗಳೆಲ್ಲ ಧರ್ಮಪುರಿ ಲೆಕ್ಕದಲ್ಲೇ ಇವೆ. 2011ರದ್ದರ ಜೊತೆ ಹೋಲಿಸೋದಾದ್ರೆ ಮೊದಲು ಜಿಲ್ಲೆ ಸರಿಪಡಿಸಬೇಕು.

ಕೈಯಲ್ಲಿ ಒಂದೊಂದೇ ತಿದ್ದೋದು ಬೇಡ. ಕೃಷ್ಣಗಿರಿಗೆ ಸೇರಿದ ತಾಲೂಕುಗಳ ಪುಟ್ಟ ಕೋಷ್ಟಕ ಮಾಡಿಕೊಳ್ಳಿ. ಪೋಸ್ಟ್‌ಗ್ರೆಸ್‌ನಲ್ಲಿ ಅಪ್‌ಡೇಟ್ ಜೊತೆ ಫ್ರಮ್ ಬರೆದು, ವೇರ್‌ನಲ್ಲಿ ತಾಲೂಕು ಸಂಕೇತ ಹೊಂದಿಸಿದರೆ ಹೊಂದಿದ ಸಾಲು ಮಾತ್ರ ಬದಲಾಗುತ್ತದೆ. ಫ್ರಮ್ ಸೌಲಭ್ಯವಿಲ್ಲದ ಹಳೆಯ ಒರಾಕಲ್‌ನಲ್ಲಿ ಸಬ್‌ಕ್ವೆರಿ ಬಳಸಬಹುದು. ಅಲ್ಲಿ ವೇರ್ ಎಕ್ಸಿಸ್ಟ್ಸ್ ಬಿಟ್ಟಿರೋ, ಧರ್ಮಪುರಿಯಲ್ಲೇ ಉಳಿದ ಹರೂರು, ಪಾಲಕ್ಕೋಡು ಊರುಗಳ ಜಿಲ್ಲೆ ನಲ್ ಆಗಿಬಿಡುತ್ತದೆ. ತಪ್ಪು ಸಂದೇಶ ಕೂಡ ಬರಲ್ಲ ನೋಡಿ!

ಊರಿನ ಹೆಸರನ್ನು ನಂಬಬೇಡಿ. ನಾವು ಹೊಸೂರು ಅಂತೀವಿ, ತಮಿಳು ದಾಖಲೆ ಒಸೂರ್ ಅನ್ನುತ್ತದೆ. ಕಂಪ್ಯೂಟರಿಗೆ ಅವು ಎರಡು ಊರು.

ನನ್ನ ಮುಖ್ಯ ತಕರಾರು ಬೇರೆ. ಹಳೆ ಅಂಕಣದ ಮೇಲೇ ಬರೆದರೆ 2001ರ ಆಡಳಿತವೇ ಅಳಿಸಿಹೋಗುತ್ತದೆ. ಕಚೇರಿಗೆ ಅದು ತಿದ್ದುಪಡಿ, ಇತಿಹಾಸದ ವಿದ್ಯಾರ್ಥಿಗೆ ಸಾಕ್ಷ್ಯನಾಶ. ಹೊಸ ಅಂಕಣ ಸೇರಿಸಿ, ಅದಕ್ಕೆ ಹಳೆ ಜಿಲ್ಲೆಯನ್ನು ನಕಲು ಮಾಡಿ, ಆಮೇಲೆ ಅಲ್ಲಿ ಅಪ್‌ಡೇಟ್ ನಡೆಸಿ.