ಶೆಡ್ಡಿನಲ್ಲಿ ನಿಂತ ಜೀಪು

ನಮ್ಮ ಮನೆಯ ಜೀಪು ಇಪ್ಪತ್ತಾರು ವರ್ಷ ಶೆಡ್ಡಿನಲ್ಲಿ ನಿಂತಿತ್ತು. ಮೂಡಿಗೆರೆ ಸೀಮೆಯ ಮಳೆಗೆ ಇಪ್ಪತ್ತಾರು ವರ್ಷ ಅಂದರೆ ಕಬ್ಬಿಣದ ಒಂದು ಆಯುಷ್ಯವೇ ಸರಿ. ಹೆಂಚು ಸರಿದ ಕಡೆ ನೀರಿಳಿದು ಬಾನೆಟ್ಟಿನ ಮೇಲೆ ಪಾಚಿ ಕಟ್ಟಿತ್ತು. ನಾಲ್ಕೂ ಟೈರು ನೆಲಕ್ಕೆ ಅಂಟಿದ್ದವು. ಕಳೆದ ವರ್ಷ ಶೆಡ್ಡು ಕೆಡವಿ ಕಾಫಿ ಒಣಗಿಸುವ ಕಣ ಮಾಡುವ ಮಾತು ಬಂದಾಗ ತಮ್ಮ ಗುಜರಿಯವನನ್ನು ಕರೆಸಿದ. ಅವನು ತೂಕದ ಲೆಕ್ಕದಲ್ಲಿ ರೇಟು ಹೇಳಿದ.

ನಾನು ಬೇಡವೆಂದೆ. "ಊರಿಗೆಲ್ಲ ಆಂಬುಲೆನ್ಸ್ ಆಗಿದ್ದ ಗಾಡಿ ಕಣೋ ಇದು" ಎಂದೆ. ಈ ಮಾತನ್ನು ನಾನು ಹುಟ್ಟಿದಾಗಿನಿಂದ ಕೇಳಿದ್ದೇನೆ. ಮದುವೆ, ತಿಥಿ ಎಲ್ಲಿ ಸೇರಿದರೂ ಯಾರಾದರೊಬ್ಬರು ಆ ಕಥೆ ತೆಗೆಯುತ್ತಿದ್ದರು. ಆಗಸ್ಟಿನ ಮಳೆ, ಕೆಸರಿನ ದಾರಿ, ಹೆರಿಗೆ ನೋವು, ದೊಡ್ಡಪ್ಪನ ಜೀಪು. ತಮ್ಮ ಸುಮ್ಮನಾದ.

ಜೀಪಿನ ಹುಟ್ಟು ನಮ್ಮ ಕಾಫಿ ತೋಟಗಳಿಂದ ಬಹಳ ದೂರದ್ದು. 1940ರ ಬೇಸಿಗೆಯಲ್ಲಿ ಅಮೆರಿಕದ ಸೇನೆ ಒಂದು ಹಗುರ ಗಾಡಿ ಬೇಕೆಂದು 135 ಕಂಪನಿಗಳಿಗೆ ಬರೆಯಿತು. ಮಾದರಿ ಗಾಡಿ ಒಪ್ಪಿಸಲು ಇದ್ದ ಗಡುವು 49 ದಿನ. ಪೆನ್ಸಿಲ್ವೇನಿಯಾದ ಬ್ಯಾಂಟಮ್ ಎಂಬ ಸಣ್ಣ ಕಂಪನಿ ಕಾರ್ಲ್ ಪ್ರಾಬ್ಸ್ಟ್ ಎಂಬ ಎಂಜಿನಿಯರ್‌ನನ್ನು ಕರೆಸಿ ನಕ್ಷೆ ಬರೆಸಿತು, ಹೇಳಿದ ದಿನಕ್ಕೆ ಗಾಡಿಯನ್ನೂ ಒಪ್ಪಿಸಿತು. ಆದರೆ ಲಕ್ಷಗಟ್ಟಲೆ ಗಾಡಿ ಮಾಡುವ ತಾಕತ್ತು ಅದಕ್ಕಿರಲಿಲ್ಲ. ದೊಡ್ಡ ಆರ್ಡರುಗಳು ವಿಲ್ಲೀಸ್ ಮತ್ತು ಫೋರ್ಡ್ ಕಂಪನಿಗಳ ಪಾಲಾದವು. ಯುದ್ಧ ಮುಗಿಯುವ ಹೊತ್ತಿಗೆ ಆರು ಲಕ್ಷಕ್ಕೂ ಹೆಚ್ಚು ಜೀಪುಗಳು ತಯಾರಾಗಿದ್ದವು. ಬ್ಯಾಂಟಮ್ ಹೆಸರು ಇವತ್ತು ಯಾರಿಗೂ ನೆನಪಿಲ್ಲ.

ಇಲ್ಲಿ ಭಾರತದಲ್ಲಿ 1945ರಲ್ಲಿ ಮಹೀಂದ್ರ ಅಂಡ್ ಮಹಮ್ಮದ್ ಎಂಬ ಕಂಪನಿ ಶುರುವಾಗಿತ್ತು. ಪಾಲುದಾರರಾಗಿದ್ದ ಮಲಿಕ್ ಗುಲಾಂ ಮಹಮ್ಮದ್ ದೇಶ ವಿಭಜನೆಯಾದಾಗ ಪಾಕಿಸ್ತಾನಕ್ಕೆ ಹೋಗಿ ಅಲ್ಲಿನ ಮೊದಲ ಹಣಕಾಸು ಮಂತ್ರಿಯಾದರು. 1948ರಲ್ಲಿ ಕಂಪನಿ ಮಹೀಂದ್ರ ಅಂಡ್ ಮಹೀಂದ್ರ ಆಯಿತು. ಅವರು ವಿಲ್ಲೀಸ್ ಜೀಪಿನ ಬಿಡಿಭಾಗ ತರಿಸಿ ಜೋಡಿಸಲು ಆರಂಭಿಸಿದರು. 1952ರಲ್ಲಿ ಸಮುದಾಯ ಅಭಿವೃದ್ಧಿ ಯೋಜನೆ ಬಂದ ಮೇಲೆ ಹಳ್ಳಿಗಳಿಗೆ ಸರ್ಕಾರ ಅಂದರೆ ಬಿಡಿಓ ಜೀಪು ಎಂದಾಯಿತು. ಚುನಾವಣೆ ಬಂದರೆ ಮೈಕು ಕಟ್ಟಿದ ಜೀಪು. ರಸ್ತೆ ಮಾಡಲಾಗದ ಕಡೆಗೆಲ್ಲ ಜೀಪು ಹೋಯಿತು. ಜೀಪು ಹೋಗುತ್ತದೆಂದು ರಸ್ತೆ ಇನ್ನಷ್ಟು ತಡವಾದದ್ದೂ ಉಂಟು.

ನಮ್ಮದು 1968ರಲ್ಲಿ ನೋಂದಣಿಯಾದ ಪೆಟ್ರೋಲ್ ಜೀಪು. ನಂಬರು ಎಂವೈ ಎಂದು ಶುರುವಾಗುತ್ತದೆ. ಇನ್ನೂ ಮೈಸೂರು ರಾಜ್ಯವಿದ್ದ ಕಾಲ. ವಿಲ್ಲೀಸ್‌ನವರು 1953ರಲ್ಲಿ ತಂದ ಎತ್ತರದ ಬಾನೆಟ್ಟಿನ ಮಾದರಿ. ಅದರ ಎಂಜಿನ್ನಿನಲ್ಲಿ ಒಳಗೆಳೆಯುವ ವಾಲ್ವು ಹೆಡ್ಡಿನಲ್ಲಿ, ಹೊಗೆ ಬಿಡುವ ವಾಲ್ವು ಬ್ಲಾಕಿನಲ್ಲಿ. ಹೀಗಾಗಿ ಎಂಜಿನ್ ಎತ್ತರವಾಗಿ, ಬಾನೆಟ್ಟನ್ನೂ ಎತ್ತರಿಸಬೇಕಾಯಿತು. 1973ರ ಕೊನೆಯಲ್ಲಿ ಜಗತ್ತಿನ ಕಚ್ಚಾತೈಲದ ಬೆಲೆ ಕೆಲವೇ ತಿಂಗಳಲ್ಲಿ ನಾಲ್ಕು ಪಟ್ಟಿಗೆ ಹತ್ತಿರ ಏರಿದ ಮೇಲೆ ಅನೇಕರು ಪೆಟ್ರೋಲ್ ಎಂಜಿನ್ ತೆಗೆದು ಡೀಸೆಲ್ ಎಂಜಿನ್ ಕೂರಿಸಿಕೊಂಡರು. ದೊಡ್ಡಪ್ಪ ಮಾತ್ರ ಒಪ್ಪಲಿಲ್ಲ. ಬ್ಯಾಟರಿ ಸತ್ತರೂ ಹ್ಯಾಂಡಲ್ ತಿರುವಿ ಹೊರಡಿಸಬಹುದಾದ ಗಾಡಿ ಎಂಬುದು ಅವರ ವಾದ.

ರಿಪೇರಿಗೆ ಬಂದ ಮೆಕ್ಯಾನಿಕ್ಕಿಗೆ ಅರವತ್ತು ದಾಟಿದೆ. ನಮ್ಮ ತೋಟದ ಲೈನ್‌ಮನೆಯಲ್ಲೇ ಹುಟ್ಟಿದವರು. ಹದಿನಾಲ್ಕಕ್ಕೇ ಗ್ಯಾರೇಜು ಸೇರಿದ್ದರಂತೆ. ಮೊದಲ ದಿನ ಅವರು ಹ್ಯಾಂಡಲನ್ನು ಮುಟ್ಟಲೂ ಬಿಡಲಿಲ್ಲ. "ರಿಂಗು ತುಕ್ಕು ಹಿಡಿದು ಬೋರಿಗೆ ಕಚ್ಚಿರ್ತದೆ ಗೌಡ್ರೇ, ಜೋರು ಮಾಡಿದ್ರೆ ಮುರೀತದೆ" ಎಂದರು. ನಾಲ್ಕೂ ಪ್ಲಗ್ ಬಿಚ್ಚಿ ಡೀಸೆಲ್, ಎಂಜಿನ್ ಆಯಿಲ್ ಬೆರೆಸಿ ಒಳಗೆ ಬಿಟ್ಟು ಹೋದರು. ಐದನೇ ದಿನ ಬಂದು ಹ್ಯಾಂಡಲನ್ನು ಹಿಂದಕ್ಕೂ ಮುಂದಕ್ಕೂ ಮೆಲ್ಲಗೆ ಆಡಿಸಿದರು. ಅರ್ಧ ಗಂಟೆಯ ಮೇಲೆ ಎಂಜಿನ್ ಒಂದು ಸುತ್ತು ಪೂರ್ತಿ ತಿರುಗಿತು.

ಮುಂದಿನದು ತಾಳ್ಮೆಯ ಕೆಲಸ. ಏರ್ ಕ್ಲೀನರಿನಲ್ಲಿ ಇಲಿ ಗೂಡು. ಡ್ರೈವರ್ ಸೀಟಿನ ಕೆಳಗಿನ ಟ್ಯಾಂಕಿನಲ್ಲಿ ಪೆಟ್ರೋಲು ಅಂಟಾಗಿ ವಾರ್ನಿಷ್ ವಾಸನೆ ಹೊಡೆಯುತ್ತಿತ್ತು. ಪೆಟ್ರೋಲ್ ಪಂಪಿನ ಡಯಾಫ್ರಮ್ ಒಣಗಿದ ಹಪ್ಪಳ. ಡಿಸ್ಟ್ರಿಬ್ಯೂಟರಿನ ಪಾಯಿಂಟುಗಳನ್ನು ಎಮರಿ ಕಾಗದದಲ್ಲಿ ಉಜ್ಜಿ, ಒಂದು ಇಂಚಿನ ಸಾವಿರ ಭಾಗದಲ್ಲಿ ಇಪ್ಪತ್ತರಷ್ಟು ಸಂದು ಬಿಟ್ಟರು. ಬ್ರೇಕಿನ ವೀಲ್ ಸಿಲಿಂಡರುಗಳಿಗೆ ಎರಡು ವಾರ ಹಿಡಿಯಿತು. "ಹೊರಡಿಸೋದು ಆಮೇಲೆ, ನಿಲ್ಲಿಸೋದು ಮೊದಲು" ಎಂದು ಅವರ ಪಟ್ಟು.

ಒಂದು ಸಂಜೆ ಕಾಫಿ ಕುಡಿಯುತ್ತ ನಾನು ಆಂಬುಲೆನ್ಸ್ ಕಥೆ ತೆಗೆದೆ. ಅವರು ಲೋಟ ಕೆಳಗಿಟ್ಟರು.

"ನಮ್ಮಮ್ಮನ್ನ ಕಂಬಳಿ ಜೋಲಿಯಲ್ಲಿ ಹೊತ್ಕೊಂಡು ಹೋಗಿದ್ರು ಗೌಡ್ರೇ. ನಂಗೆ ಹತ್ತು ವರ್ಷ ಆಗ. ಅಪ್ಪ ಬಂದು ಇದೇ ಶೆಡ್ಡಿನ ಮುಂದೆ ನಿಂತ್ಕೊಂಡಿದ್ರು. ಪೆಟ್ರೋಲ್ ಇಲ್ಲ ಅಂದ್ರು. ಒಂಬತ್ತು ಮೈಲಿ. ಅಮ್ಮ ಉಳಿದ್ರು, ಮಗು ಉಳೀಲಿಲ್ಲ."

ಅವರ ದನಿಯಲ್ಲಿ ಸಿಟ್ಟಿರಲಿಲ್ಲ. ನನಗೇ ಏನು ಹೇಳಬೇಕೆಂದು ತಿಳಿಯಲಿಲ್ಲ.

ಆರ್‌ಸಿ ಪುಸ್ತಕ ಹುಡುಕುವಾಗ ಬೀರುವಿನಲ್ಲಿ ದೊಡ್ಡಪ್ಪನ ಪೆಟ್ರೋಲ್ ಲೆಕ್ಕದ ನೋಟುಬುಕ್ಕೂ ಸಿಕ್ಕಿತ್ತು. ಆ ರಾತ್ರಿ ಅದನ್ನು ಮೊದಲಿನಿಂದ ಓದಿದೆ. ದೊಡ್ಡಪ್ಪ ಲೆಕ್ಕದಲ್ಲಿ ಬಲು ಕಟ್ಟುನಿಟ್ಟು: ದಿನಾಂಕ, ಮೈಲಿ, ಪೆಟ್ರೋಲು, ಯಾಕೆ ಹೋದದ್ದು. ಚಿಕ್ಕಮಗಳೂರಿನ ಕ್ಯೂರಿಂಗ್ ವರ್ಕ್ಸ್. ಸಂತೆ. ಮದುವೆ. 1978ರ ನವೆಂಬರಿನಲ್ಲಿ, ಇಂದಿರಾ ಗಾಂಧಿ ಚಿಕ್ಕಮಗಳೂರಿನಲ್ಲಿ ನಿಂತಾಗ, ಪುಟದ ತುಂಬ 'ಎಲೆಕ್ಷನ್'. ಆಸ್ಪತ್ರೆ ಎಂದು ಬರೆದದ್ದು ಹನ್ನೊಂದು ಸಲ, ಪ್ರತಿ ಸಲವೂ ಮುಂದೆ ಹೆಸರು. ಹನ್ನೊಂದೂ ನಮ್ಮ ನೆಂಟರದೇ ಹೆಸರು. ಲೈನ್‌ಮನೆಯವರದು ಒಂದೂ ಇರಲಿಲ್ಲ.

ನಮ್ಮ ಕಥೆ ಸುಳ್ಳಾಗಿರಲಿಲ್ಲ. ಮಳೆ, ಕೆಸರು, ಹೆರಿಗೆ ಎಲ್ಲವೂ ನಿಜ. 'ಊರಿಗೆಲ್ಲ' ಎಂಬ ಒಂದು ಪದ ಮಾತ್ರ ನಾವು ಸೇರಿಸಿಕೊಂಡದ್ದು.

ದೊಡ್ಡಪ್ಪನಿಗೆ ಈಗ ಎಂಬತ್ತೆಂಟು. ಕಿವಿ ಮಂದ, ನೆನಪು ಚುರುಕು. ಕೇಳಲೋ ಬೇಡವೋ ಎಂದು ಎರಡು ದಿನ ತಡೆದೆ. ಕೇಳಿದಾಗ ಅವರು ಬಹಳ ಹೊತ್ತು ಅಂಗಳ ನೋಡುತ್ತ ಕೂತರು.

"ಪೆಟ್ರೋಲ್ ಇತ್ತು ಕಣೋ" ಎಂದರು. "ಒಂದ್ಸಲ ಕೊಟ್ರೆ ದಿನಾ ಬರ್ತಾರೆ ಅಂತ ನಿನ್ನ ಅಜ್ಜ ಹೇಳಿದ್ರು. ನಾನೂ ಎದುರು ಮಾತಾಡ್ಲಿಲ್ಲ."

ಅವತ್ತಿನ ದಿನಾಂಕವೂ ಅವರಿಗೆ ನೆನಪಿತ್ತು. ನೋಟುಬುಕ್ಕಿನಲ್ಲಿ ಆ ದಿನದ ಸಾಲೇ ಇಲ್ಲ. ಹೋಗದ ಪ್ರಯಾಣವನ್ನು ಯಾರೂ ಬರೆದಿಡುವುದಿಲ್ಲ.

ಜೀಪು ಹೊರಟದ್ದು ಫೆಬ್ರವರಿಯ ಒಂದು ಬೆಳಿಗ್ಗೆ. ಪೆಟ್ರೋಲು ತುಂಬಿದ ಬಾಟಲಿಯನ್ನು ಎತ್ತರದಲ್ಲಿ ಕಟ್ಟಿ ಕಾರ್ಬ್ಯುರೇಟರಿಗೆ ಪೈಪು ಕೊಟ್ಟಿದ್ದರು. ಕಾಯಿಲಿನ ವೈರು ಕಳಚಿ ಮೊದಲು ಸುಮ್ಮನೆ ತಿರುವಿ ಎಂಜಿನ್ನಿನೊಳಗೆ ಆಯಿಲ್ ಹರಡಿಸಿದರು. ವೈರು ಸೇರಿಸಿ ಹ್ಯಾಂಡಲನ್ನು ನನ್ನ ಕೈಗಿತ್ತರು. "ಹೆಬ್ಬೆಟ್ಟು ಬೆರಳುಗಳ ಕಡೆಗೇ ಇರ್ಲಿ, ಸುತ್ತ ಹಿಡೀಬೇಡಿ. ತಿರುಗಿ ಒದ್ರೆ ಕೈ ಮುರೀತದೆ. ಮೇಲಕ್ಕೆಳೀರಿ." ಆರನೇ ಸಲಕ್ಕೆ ಎಂಜಿನ್ ಕೆಮ್ಮಿತು. ಒಂಬತ್ತನೇ ಸಲಕ್ಕೆ ಬಿಳಿ ಹೊಗೆ ಕಾರಿ ಹಿಡಿದುಕೊಂಡಿತು.

ದೊಡ್ಡಪ್ಪ ಕೋಲೂರಿಕೊಂಡು ಶೆಡ್ಡಿನ ತನಕ ಬಂದರು. ಮೆಕ್ಯಾನಿಕ್ಕಿನ ಕೈ ಹಿಡಿದು ಏನೋ ಹೇಳಿದರು. ಎಂಜಿನ್ನಿನ ಸದ್ದಿಗೆ ನನಗೆ ಕೇಳಿಸಲಿಲ್ಲ. ನಾನು ಆಮೇಲೂ ಕೇಳಲಿಲ್ಲ. ಮೆಕ್ಯಾನಿಕ್ ತಲೆಯಾಡಿಸಿದ್ದು ಕಂಡಿತು. ಅದು ಒಪ್ಪಿಗೆಯೋ, ಬಿಡಿ ಎಂಬ ಅರ್ಥವೋ ಗೊತ್ತಿಲ್ಲ.

ಐವತ್ತು ವರ್ಷ ದಾಟಿದ, ಮೂಲ ರೂಪ ಉಳಿಸಿಕೊಂಡ ಗಾಡಿಗಳನ್ನು ವಿಂಟೇಜ್ ಎಂದು ನೋಂದಾಯಿಸಲು 2021ರಲ್ಲಿ ಕೇಂದ್ರ ಸರ್ಕಾರ ನಿಯಮ ಮಾಡಿದೆ. ಅಂಥ ಗಾಡಿಯನ್ನು ದಿನನಿತ್ಯದ ಓಡಾಟಕ್ಕೆ ಬಳಸುವಂತಿಲ್ಲ. ಕಾಗದಪತ್ರ ಸಿದ್ಧ ಮಾಡುತ್ತಿದ್ದೇನೆ. ಸದ್ಯಕ್ಕೆ ಜೀಪು ತೋಟದ ಬೇಲಿಯೊಳಗೇ ಓಡಾಡುತ್ತದೆ.

ಮೊದಲ ದಿನ ಸ್ಟಿಯರಿಂಗ್ ಹಿಡಿದವರು ಮೆಕ್ಯಾನಿಕ್, ನಾನು ಹಿಂದೆ ಕೂತೆ. ಕಣದಿಂದ ಹಳೆಯ ಲೈನ್‌ಮನೆಗಳ ತನಕ ಹೋಗಿ ಬಂದೆವು. ರಾತ್ರಿ ದೊಡ್ಡಪ್ಪನ ನೋಟುಬುಕ್ಕಿನಲ್ಲಿ, ಅವರ ಕೊನೆಯ ಸಾಲಿನ ಕೆಳಗೆ, ದಿನಾಂಕ, ದೂರ, ಓಡಿಸಿದವರ ಹೆಸರು ಬರೆದೆ. ಅದಕ್ಕೆ ಮುಂಚೆ ಒಂದು ಸಾಲು ಖಾಲಿ ಬಿಟ್ಟು, 1974ರ ಆ ದಿನಾಂಕವನ್ನೂ, ಅವರ ತಾಯಿಯ ಹೆಸರನ್ನೂ ಬರೆದು, ಗಾಡಿ ಹೋಗಲಿಲ್ಲ ಎಂದು ಸೇರಿಸಿದೆ.