ಕಾಡು ನೋಡೋಕೆ ಬಂದವರು, ಕಾಡಂಚಲ್ಲಿ ಉಳಿದವರು

ಹುರಳಿ ಕಿತ್ತು ಕಣಕ್ಕೆ ಹಾಕೋವರೆಗೂ ನನಗೆ ರಾತ್ರಿ ಅಟ್ಟಣೆ ಮೇಲೆಯೇ. ನಿಮ್ಮಲ್ಲಿ ಅರ್ಧ ಜನ ಹಾಗೇ ಇದ್ದೀರಿ, ಹೇಳಬೇಕಾಗಿಲ್ಲ. ಮೊನ್ನೆ ಹಾಗೇ ಕೂತಿದ್ದಾಗ ಕಾಡಿನ ಕಡೆ ಯಾಕೋ ಜಾಸ್ತಿ ಕತ್ತಲೆ ಅನ್ನಿಸ್ತು. ಆಮೇಲೆ ಗೊತ್ತಾಯ್ತು, ಊಟಿ ರಸ್ತೆ ಕಡೆ ರೆಸಾರ್ಟಿನ ದೀಪಗಳು ಈ ಸಲ ಅಷ್ಟಾಗಿ ಉರೀತಿಲ್ಲ. ಸಫಾರಿ ನಿಂತು ತಿಂಗಳಾಯ್ತಲ್ಲ.

2025ರ ನವೆಂಬರ್‌ನಲ್ಲಿ ಸರಗೂರು ಕಡೆ ಹುಲಿ ದಾಳಿಗೆ ರೈತರು ಸತ್ತ ಮೇಲೆ ಬಂಡೀಪುರ, ನಾಗರಹೊಳೆ ಎರಡರಲ್ಲೂ ಸರ್ಕಾರ ಸಫಾರಿ ನಿಲ್ಲಿಸ್ತು. ಆ ಸುದ್ದಿ ಬಂದ ದಿನ ನಮ್ಮನೆಯಲ್ಲೇ ಎರಡು ಮಾತು. ನಾನು "ಒಳ್ಳೇದಾಯ್ತು, ಇಲಾಖೆ ಜನ ಈಗಲಾದ್ರೂ ಊರ ಕಡೆ ತಿರುಗ್ತಾರೆ" ಅಂದೆ. ಒಂದು ಲಾಡ್ಜಿನಲ್ಲಿ ಜೀಪು ಓಡಿಸ್ತಿದ್ದ ನನ್ನ ತಮ್ಮನ ಮಗ ಊಟ ಬಿಟ್ಟು ಎದ್ದ. "ನಿಮ್ಗೆ ಹೊಲ ಐತೆ ದೊಡ್ಡಪ್ಪ. ನನ್ಗೇನೈತೆ?" ಅಂದ. ಅದಕ್ಕೆ ನನ್ನ ಹತ್ರ ಉತ್ತರ ಇರಲಿಲ್ಲ. ಅಟ್ಟಣೆ ಮೇಲೆ ಕೂತು ಯೋಚಿಸಿದ್ದನ್ನ ಇಲ್ಲಿ ಬರೀತಿದ್ದೀನಿ. ಉದ್ದ ಆಗುತ್ತೆ, ಸಾವಕಾಶವಾಗಿ ಓದಿ.

ಮೊದಲು ಒಂದು ಮಾತು. ಮೋಜಿಗೆ ಕಾಡಿಗೆ ಬರೋದು ರೆಸಾರ್ಟ್ ಕಾಲದ್ದು ಅಂತ ನಾವು ತಿಳ್ಕೊಂಡಿದ್ದೀವಿ. ಹಾಗಲ್ಲ. ನೂರೈವತ್ತು ವರ್ಷದಿಂದ ನಮ್ಮ ಸೀಮೆಯ ಕಾಡು ಯಾರದೋ ಸಂತೋಷದ ಜಾಗವೇ. ಬಂದವರು ಬದಲಾದರು, ಅಷ್ಟೇ.

1870ರ ದಶಕದಲ್ಲಿ ಸ್ಯಾಂಡರ್ಸನ್ ಅನ್ನೋ ಇಂಗ್ಲಿಷ್ ಅಧಿಕಾರಿ ಬಿಳಿಗಿರಿರಂಗನ ಬೆಟ್ಟದ ತಪ್ಪಲಲ್ಲಿ ಆನೆ ಹಿಡಿಯೋ ಖೆಡ್ಡಾ ಮಾಡಿದ. ಆಮೇಲೆ ಹೆಗ್ಗಡದೇವನಕೋಟೆ ಕಡೆಯ ಕಾಕನಕೋಟೆ ಖೆಡ್ಡಾ ಲೋಕಕ್ಕೆಲ್ಲ ಹೆಸರಾಯ್ತು. ಹಿಡಿದ ಆನೆ ಅರಮನೆಗೆ, ಮರ ಎಳೆಯೋ ಕೆಲಸಕ್ಕೆ, ಹರಾಜಿಗೆ ಹೋಗ್ತಿತ್ತು ನಿಜ. ಆದರೆ ಖೆಡ್ಡಾ ಅಂದ್ರೆ ದೊಡ್ಡವರಿಗೆ ಅದೊಂದು ಜಾತ್ರೆ ಕೂಡ. ವೈಸ್‌ರಾಯ್‌ಗಳು ಬಂದರೆ ತೋರಿಸೋದು ಅದನ್ನೇ. 1889ರಲ್ಲಿ ವಿಕ್ಟೋರಿಯಾ ರಾಣಿಯ ಮೊಮ್ಮಗ ಆಲ್ಬರ್ಟ್ ವಿಕ್ಟರ್ ಮೈಸೂರಿಗೆ ಬಂದಾಗಲೂ ಖೆಡ್ಡಾ ತೋರಿಸಿದ್ರು. ದೊರೆಗಳು ಕೂರೋಕೆ ಅಟ್ಟಣೆ, ಇರೋಕೆ ಡೇರೆ, ಓಡಾಡೋಕೆ ಹೊಸ ದಾರಿ. ಕಾಡು ಸುತ್ತುಗಟ್ಟಿ ತಮಟೆ ಬಡಿದು ಆನೆ ಹಿಂಡು ಓಡಿಸಿದವರು ಯಾರು? ಕುರುಬರು, ಸುತ್ತಲ ಹಳ್ಳಿಯವರು. ಅವರಿಗೆ ಸಿಕ್ಕಿದ್ದು ಕೂಲಿ. ಕೊನೇ ಖೆಡ್ಡಾ ಆಗಿದ್ದು 1971ರಲ್ಲಿ. ಅಲ್ಲಿಗೆ ಆ ಕೂಲಿಯೂ ನಿಂತೋಯ್ತು.

ಇನ್ನು ಬಂಡೀಪುರ. 1931ರಲ್ಲಿ, ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, ಇಲ್ಲಿ 90 ಚದರ ಕಿಲೋಮೀಟರ್ ಜಾಗವನ್ನ ಮೃಗಗಳಿಗೆ ಅಂತ ಬಿಟ್ಟರು. ಅದಕ್ಕೆ ಇಟ್ಟ ಹೆಸರು ವೇಣುಗೋಪಾಲ ವನ್ಯಜೀವಿ ಉದ್ಯಾನ. ಹೆಸರು ನಮ್ಮ ಗೋಪಾಲಸ್ವಾಮಿ ಬೆಟ್ಟದ ದೇವರದ್ದೇ. ಹತ್ತು ವರ್ಷ ಕಳೆದ ಮೇಲೆ ಅದನ್ನ 800 ಚದರ ಕಿಲೋಮೀಟರಿಗೆ ಬೆಳೆಸಿದರು. ಆಗ ಹಳ್ಳಿಯವರ ಬದುಕೇನೂ ತಲೆಕೆಳಗಾಗಲಿಲ್ಲ ಅಂತ ನಮ್ಮ ತಾತ ಹೇಳೋರು. ದನ ಒಳಗೇ ಮೇಯ್ತಿದ್ವು, ದೊಡ್ಡಿ ಒಳಗೇ ಇದ್ವು, ಸೌದೆ, ಜೇನು, ಸೀಗೆ, ನೆಲ್ಲಿ ಬರ್ತಾನೇ ಇತ್ತು. ಶ್ರಾವಣದಲ್ಲಿ ಗಾಡಿ ಕಟ್ಕೊಂಡು ಬೆಟ್ಟಕ್ಕೆ ಹೋಗೋದೇ ನಮ್ಮವರ ಪ್ರವಾಸ. ಟಿಕೆಟ್ಟೂ ಇಲ್ಲ, ಗೇಟೂ ಇಲ್ಲ.

ಗೇಟು ಬಿದ್ದಿದ್ದು 1970ರ ದಶಕದಲ್ಲಿ. ಆ ಮೂರ್ನಾಲ್ಕು ವರ್ಷ ನಮ್ಮ ಸೀಮೆಯ ಚರಿತ್ರೆಯಲ್ಲಿ ಗಟ್ಟಿಯಾಗಿ ಗುರುತು ಹಾಕ್ಕೋಬೇಕು. 1972ರಲ್ಲಿ ವನ್ಯಜೀವಿ ಕಾಯ್ದೆ ಬಂತು, ಬೇಟೆ ನಿಂತಿತು. 1973ರಲ್ಲಿ ಹುಲಿ ಯೋಜನೆ. ದೇಶದಲ್ಲಿ ಮೊದಲು ಆರಿಸಿದ ಒಂಬತ್ತು ಕಾಡುಗಳಲ್ಲಿ ದಕ್ಷಿಣದಿಂದ ಇದ್ದದ್ದು ಬಂಡೀಪುರ ಒಂದೇ. 1974ರಲ್ಲಿ ಅದು ರಾಷ್ಟ್ರೀಯ ಉದ್ಯಾನ. ಅದೇ 1974ರಲ್ಲಿ ಬೀಚನಹಳ್ಳಿ ಹತ್ರ ಕಬಿನಿ ಅಣೆಕಟ್ಟು ಮುಗೀತು. ಹಳ್ಳಿಗಳು ಮುಳುಗಿದ್ವು, ಕಾಡು ಮುಳುಗಿತು, ಹಳೇ ಖೆಡ್ಡಾ ಜಾಗಗಳೂ ನೀರಡಿ ಹೋದ್ವು.

ಬೇಸಿಗೆಯಲ್ಲಿ ಕಬಿನಿ ಹಿನ್ನೀರು ಇಳಿದಾಗ ದಡದಲ್ಲಿ ಹಸಿರು ಹುಲ್ಲು ಬರುತ್ತೆ. ಸುತ್ತಲ ಕಾಡೆಲ್ಲ ಒಣಗಿರುವಾಗ ಆನೆಗಳು ನೂರಾರು ಲೆಕ್ಕದಲ್ಲಿ ಅಲ್ಲಿಗೆ ಬಂದು ಸೇರ್ತವೆ. ಪ್ರಪಂಚದ ಎಲ್ಲಾ ಕಡೆಯಿಂದ ಜನ ಕ್ಯಾಮೆರಾ ಹಿಡ್ಕೊಂಡು ಬರೋದು ಅದನ್ನ ನೋಡೋಕೆ. ರಾಜ್ಯ ಸರ್ಕಾರ 1980ರಲ್ಲಿ ಜಂಗಲ್ ಲಾಡ್ಜಸ್ ಅನ್ನೋ ಸಂಸ್ಥೆ ಮಾಡಿ, ಕಾರಾಪುರದ ಹಳೇ ಬೇಟೆ ಬಂಗ್ಲೆಗಳನ್ನೇ ಅತಿಥಿಗಳ ಮನೆ ಮಾಡ್ತು. ಕೋವಿ ಹಿಡಿದು ಬರ್ತಿದ್ದ ಜಾಗಕ್ಕೆ ಕ್ಯಾಮೆರಾ ಹಿಡಿದವರು ಬಂದರು. ಮುಳುಗಡೆಯಾಗಿ ಎದ್ದುಹೋದ ಹಳ್ಳಿಯವರ ನೆಲದ ಮೇಲೆ ಬೆಳೆದ ಹುಲ್ಲು ಅದು, ಇದನ್ನ ಯಾವ ಗೈಡೂ ಹೇಳಲ್ಲ. ಕಾಡೊಳಗಿದ್ದ ಜೇನುಕುರುಬರ ಹಾಡಿಗಳನ್ನೂ ಹೊರಗೆ ತಂದರು. ಅವರ ಮಕ್ಕಳಲ್ಲಿ ಎಷ್ಟೋ ಜನ ಈಗ ಅದೇ ಕಾಡಲ್ಲಿ ದಿನಗೂಲಿ ವಾಚರ್‌ಗಳು.

ಒಂದು ಕಡೆ ಪ್ರವಾಸಿಗರ ದುಡ್ಡು ಬರ್ತಿದ್ದಾಗ ನಮ್ಮ ಹಳ್ಳಿಗಳ ಆದಾಯ ಎಲ್ಲಿಂದ ಬರ್ತಿತ್ತು ಗೊತ್ತಾ? ಸಗಣಿಯಿಂದ. ನಗಬೇಡಿ. 1994ರಲ್ಲಿ ಬ್ರೆಜಿಲ್ ದೇಶದಲ್ಲಿ ಹಿಮ ಬಿದ್ದು ಕಾಫಿ ಸುಟ್ಟುಹೋಯ್ತು, ಬೆಲೆ ಮೇಲಕ್ಕೇರಿತು. ಕಾಫಿ ತೋಟದವರಿಗೆ ಗೊಬ್ಬರ ಬೇಕಾಯ್ತು. ಅಲ್ಲೀವರೆಗೂ ಸ್ವಂತ ಹೊಲಕ್ಕೆ ಹಾಕ್ತಿದ್ದ ತಿಪ್ಪೆ ಗೊಬ್ಬರ ಲಾರಿ ಹತ್ತಿತು. ಹಾಲು ಕೊಡದ ನಾಟಿ ದನಕ್ಕೂ ಬೆಲೆ ಬಂತು. ಬೆಳಗ್ಗೆ ಕಾಡಿಗೆ ಅಟ್ಟೋದು, ಸಂಜೆ ಕೊಟ್ಟಿಗೆಗೆ ಹೊಡೆಯೋದು, ಬೆಳಗಾದರೆ ಸಗಣಿ ಗುಡ್ಡೆ ಹಾಕೋದು. ನಮ್ಮಪ್ಪ ಹದಿನಾಲ್ಕು ದನ ಕಟ್ಟಿದ್ದರು, ನನ್ನ ಅಕ್ಕನ ಮದುವೆ ಸಾಲದಲ್ಲಿ ಅರ್ಧ ತೀರಿದ್ದು ಗೊಬ್ಬರದಲ್ಲೇ. ಕಾಡಂಚಿನ ಮೇವು ಬೋಳಾಯ್ತು, ನಮ್ಮ ಹೊಲದ ಸತ್ವವೂ ಕಾಫಿ ತೋಟಕ್ಕೆ ಹೋಯ್ತು. ಇದನ್ನೂ ಒಪ್ಪಿಕೊಳ್ಳಬೇಕು. ಕಾಡು ಸವೆಸಿದ್ದರಲ್ಲಿ ನಮ್ಮ ಪಾಲೂ ಇದೆ. ಆಮೇಲೆ ಮೇಯಿಸೋದಕ್ಕೆ ತಡೆ ಬಿಗಿಯಾಯ್ತು, ದನ ಕಮ್ಮಿಯಾದ್ವು.

ಆ ಹೊತ್ತಿಗೆ ರಸ್ತೆಯ ಅಕ್ಕಪಕ್ಕ ಹೊಲಗಳಿಗೆ ಬೇರೆ ಕಣ್ಣು ಬಿದ್ದಿತ್ತು. ಒಂದೊಂದೇ ಬೇಲಿ, ಒಂದೊಂದೇ ಗೇಟು, ಒಳಗೆ ಹೆಂಚಿನ ಮನೆಗಳು. 2009ರಲ್ಲಿ ಕಾಡಿನ ರಸ್ತೆಯಲ್ಲಿ ರಾತ್ರಿ 9ರಿಂದ ಬೆಳಗ್ಗೆ 6ರವರೆಗೆ ವಾಹನ ನಿಲ್ಲಿಸಿದರು. ಕೇರಳಕ್ಕೆ ಹೋಗೋ ತರಕಾರಿ ಲಾರಿಗಳ ಲೆಕ್ಕಾಚಾರವೇ ಬದಲಾಯ್ತು, ನಾವು ಬೈದ್ವಿ. ಆದರೆ ರಸ್ತೆಯಲ್ಲಿ ಸಾಯ್ತಿದ್ದ ಪ್ರಾಣಿಗಳು ಉಳಿದ್ವು, ಸಂತೆ ಹೊತ್ತೂ ಅದಕ್ಕೆ ಹೊಂದಿಕೊಂಡಿತು. 2012ರಲ್ಲಿ ಕಾಡಿನ ಸುತ್ತ ಪರಿಸರ ಸೂಕ್ಷ್ಮ ವಲಯ ಬಂತು. ಕಲ್ಲು ಕೋರೆ, ಹೊಸ ರೆಸಾರ್ಟ್, ಹೊಲವನ್ನ ಬೇರೆ ಕೆಲಸಕ್ಕೆ ತಿರುಗಿಸೋದು, ಎಲ್ಲಕ್ಕೂ ಕಟ್ಟುಪಾಡು. ಆಗಲೂ ಬೈದ್ವಿ. ಈಗ ಯೋಚಿಸಿದ್ರೆ, ಆ ವಲಯ ಇಲ್ಲದಿದ್ದರೆ ಇಷ್ಟು ಹೊತ್ತಿಗೆ ಹಂಗಳದಿಂದ ಮೇಲುಕಾಮನಹಳ್ಳಿವರೆಗೆ ಒಂದು ಉಳುವ ಹೊಲ ಉಳೀತಿರಲಿಲ್ಲ.

ಸರಿ, ಪ್ರವಾಸದಿಂದ ನಮಗೇನೂ ಬಂದಿಲ್ವಾ? ಬಂದಿದೆ. ಜೀಪು ಓಡಿಸೋ ಹುಡುಗರು, ರೂಮು ಗುಡಿಸೋ ಹೆಣ್ಣುಮಕ್ಕಳು, ಎಳನೀರು, ಟೀ ಅಂಗಡಿ, ಬೆಟ್ಟದ ಕೆಳಗೆ ಚುರುಮುರಿ ಗಾಡಿ. ಬರಗಾಲದ ವರ್ಷ ಈ ಸಂಬಳಗಳೇ ಎಷ್ಟೋ ಮನೆ ಉಳಿಸಿವೆ. ನನ್ನ ತಮ್ಮನ ಮನೆಯೂ ಅದರಲ್ಲಿ ಒಂದು. ಆದರೆ ಲಾಡ್ಜಿಗೆ ಬರೋ ದುಡ್ಡಿನ ದಾರಿ ನೋಡಿ. ರೂಮಿನ ಬಾಡಿಗೆ ಬುಕ್ ಆಗೋದು ಬೆಂಗಳೂರಲ್ಲಿ. ಮ್ಯಾನೇಜರು, ಅಡುಗೆಯವರು ಹೊರಗಿನವರು. ಅಕ್ಕಿ, ತರಕಾರಿ ಮೈಸೂರಿಂದ.

ತರಕಾರಿ ಯಾಕೆ ಮೈಸೂರಿಂದ? ಎರಡು ವರ್ಷದ ಹಿಂದೆ ನಾನೇ ಟೊಮೇಟೊ ಹಾಕ್ಕೊಂಡು ಒಂದು ಲಾಡ್ಜಿಗೆ ಹೋಗಿ ಕೇಳಿದೆ. ಅಲ್ಲಿನ ಸ್ಟೋರಿನವ ಒಳ್ಳೇ ಮನುಷ್ಯ, ನೇರವಾಗಿ ಹೇಳಿದ. "ಯಜಮಾನ್ರೇ, ನಿಮ್ಮತ್ರ ಒಂದೇ ದಿನ ಮುನ್ನೂರು ಕೆಜಿ ಟೊಮೇಟೊ ಐತೆ. ನಂಗೆ ದಿನಾ ಹದಿನೈದು ತರಕಾರಿ ಐದೈದು ಕೆಜಿ ಬೇಕು, ಬಿಲ್ಲೂ ಬೇಕು." ತಪ್ಪು ಅವನದ್ದಲ್ಲ, ನಾವು ಬೆಳೆಯೋದು ಮಂಡಿಗೆ. ಆಮೇಲೆ ನಾವು ಆರು ಜನ ಸೇರಿ ಒಬ್ಬೊಬ್ಬರು ಎರಡು ಮೂರು ತರಕಾರಿ ಅಂತ ಹಂಚಿಕೊಂಡು ಬೆಳೆದ್ವಿ. ದಿನಾ ಬೆಳಗ್ಗೆ ಒಂದು ಆಟೊ. ಒಂದು ವರ್ಷ ಚೆನ್ನಾಗೇ ನಡೀತು. ಮಂಡಿಯಲ್ಲಿ ಟೊಮೇಟೊ ರಸ್ತೆಗೆ ಸುರಿಯೋ ದಿನವೂ ನಮಗೆ ಅದೇ ದರ. ನವೆಂಬರಲ್ಲಿ ಸಫಾರಿ ನಿಂತ ವಾರವೇ ಆ ಆಟೊ ನಿಂತಿತು.

ಅಂದ್ರೆ "ಒಳ್ಳೇದಾಯ್ತು" ಅಂದವನಿಗೂ ಏಟು ಬಿತ್ತು. ಆದರೆ ನನ್ನ ಏಟಿಗೂ ಹುಡುಗನ ಏಟಿಗೂ ವ್ಯತ್ಯಾಸ ಇದೆ. ನನ್ನ ಬದನೆ, ಬೀನ್ಸು ಕಮ್ಮಿ ರೇಟಾದ್ರೂ ಗುಂಡ್ಲುಪೇಟೆ ಮಾರ್ಕೆಟ್ಟಿಗೆ ಹೋಯ್ತು. ಅವನ ಸಂಬಳ ಎಲ್ಲಿಗೆ ಹೋಗುತ್ತೆ? ಅವನು ಅಂದ ಮಾತಿನ ಅರ್ಥ ಅವತ್ತು ನನಗೆ ಪೂರ್ತಿ ಆಗಿರಲಿಲ್ಲ. ಅವರಪ್ಪ ರಸ್ತೆ ಪಕ್ಕದ ಪಾಲನ್ನ ಹದಿನೈದು ವರ್ಷದ ಹಿಂದೆ ಮಾರಿದ. ಆ ಜಾಗದಲ್ಲಿ ಎದ್ದ ಲಾಡ್ಜಿನಲ್ಲೇ ಇವನು ಡ್ರೈವರ್ ಆಗಿದ್ದ.

ಆಚೆ ಮಸಿನಗುಡಿ ಕಡೆ ಏನಾಯ್ತು ನೋಡಿ. ಆನೆದಾರಿಯಲ್ಲಿದ್ದ ರೆಸಾರ್ಟ್‌ಗಳ ಬಗ್ಗೆ ಮದ್ರಾಸ್ ಹೈಕೋರ್ಟ್ 2011ರಲ್ಲಿ ಕೊಟ್ಟ ತೀರ್ಪನ್ನ ಸುಪ್ರೀಂ ಕೋರ್ಟ್ 2020ರಲ್ಲಿ ಎತ್ತಿಹಿಡೀತು. ಕಾಡಂಚಿನ ಪ್ರವಾಸ ವ್ಯಾಪಾರ ಒಂದು ಆದೇಶದಲ್ಲಿ ನಿಲ್ಲಬಹುದು. ಖೆಡ್ಡಾ ನಿಂತಿತು, ಬೇಟೆ ನಿಂತಿತು, ಮೇಯಿಸೋದು ನಿಂತಿತು, ಈಗ ಸಫಾರಿ. ಪ್ರತಿ ಸಲ ಕಾರಣ ನ್ಯಾಯವಾದದ್ದೇ ಇರಬಹುದು. 2022ರ ಎಣಿಕೆಯಲ್ಲಿ ಬಂಡೀಪುರದಲ್ಲಿ 150, ನಾಗರಹೊಳೆಯಲ್ಲಿ 141 ಹುಲಿ. ಹುಲಿ ಉಳಿದದ್ದು ಈ ಬಿಗಿಯಿಂದಲೇ, ಅದು ಸುಳ್ಳಲ್ಲ. ಆದರೆ ಪ್ರತಿ ಸಲವೂ ಮೊದಲು ಕೈ ಬರಿದಾಗಿದ್ದು ಕೂಲಿಯವನದ್ದು.

ಇದನ್ನೆಲ್ಲ ಈಗ ಬರೆಯೋಕೆ ಒಂದು ಕಾರಣ ಇದೆ. ಹೋದ ವರ್ಷ ಬ್ರೋಕರೊಬ್ಬ ನನ್ನ ಹತ್ರವೂ ಬಂದಿದ್ದ. ಕಾಡಿನ ಕಡೆಯ ಎರಡು ಎಕರೆ ಲೀಸಿಗೆ ಕೊಡಿ, ಬರೀ ಟೆಂಟು ಹಾಕ್ತೀವಿ, ಕಟ್ಟಡ ಇಲ್ಲ, ಯಾರೂ ಕೇಳಲ್ಲ ಅಂದ. ಅವನು ಹೇಳಿದ ದುಡ್ಡು ಹತ್ತು ವರ್ಷ ಹುರಳಿ ಬೆಳೆದ್ರೂ ಬರಲ್ಲ. ನಾನು ಇಲ್ಲ ಅನ್ನಲಿಲ್ಲ, ನೋಡೋಣ ಅಂದಿದ್ದೆ. ಮನಸ್ಸು ಅರ್ಧ ಆ ಕಡೆಯೇ ಇತ್ತು. ಸಫಾರಿ ನಿಂತ ಮೇಲೆ ಅವನು ಮತ್ತೆ ಫೋನ್ ಮಾಡಿದ. ಈಗ ರೇಟು ಕಮ್ಮಿ, ಆದರೆ ಪೂರ್ತಿ ಕ್ರಯಕ್ಕೇ ಕೊಟ್ಟುಬಿಡಿ ಅಂತ. ಕಷ್ಟದ ತಿಂಗಳು ನೋಡಿ ಕೇಳ್ತಾನೆ. ನಿಮ್ಮಲ್ಲಿ ಕೆಲವರಿಗೂ ಫೋನ್ ಬಂದಿದೆ ಅಂತ ಗೊತ್ತು.

ನಾನು ಇಲ್ಲ ಅಂದೆ. ಕಾಡಿನ ಮೇಲಿನ ಪ್ರೀತಿಗೆ ಅಂತ ಹೇಳಿದ್ರೆ ನೀವು ನಗ್ತೀರಿ, ಹೋದ ತಿಂಗಳು ಆನೆ ನನ್ನ ರಾಗಿ ಮೆದೆ ಏನು ಮಾಡ್ತು ಅಂತ ನೋಡಿದ್ದೀರಲ್ಲ. ಈ ಕಾಡಿನ ವ್ಯಾಪಾರದಲ್ಲಿ ನಮ್ಮ ಕೈಲಿರೋ ಷೇರು ಅಂದ್ರೆ ಹೊಲ ಒಂದೇ. ಅದು ಇದ್ದರೆ ಸಫಾರಿ ನಡೆದಾಗ ತರಕಾರಿ ಕೊಡಬಹುದು, ನಿಂತಾಗ ಮಂಡಿಗೆ ಹಾಕಬಹುದು. ಆಷಾಢದಲ್ಲಿ ಸೂರ್ಯಕಾಂತಿ ಅರಳಿದಾಗ ಕಾರು ನಿಲ್ಲಿಸಿ ಫೋಟೊ ಹೊಡೀತಾರಲ್ಲ, ಪಕ್ಕದ ಹೊಲದವರು ತಲೆಗೆ ಇಪ್ಪತ್ತು ರೂಪಾಯಿ ಅಂತ ಬೋರ್ಡು ಹಾಕಿದಾಗ ನಾವೆಲ್ಲ ನಕ್ಕಿದ್ವಿ. ಈಗ ಅನ್ನಿಸುತ್ತೆ, ನೂರೈವತ್ತು ವರ್ಷದಲ್ಲಿ ನೋಡೋಕೆ ಬಂದವರ ಹತ್ರ ಕೂಲಿ ಅಲ್ಲದೆ ಬಾಡಿಗೆ ವಸೂಲಿ ಮಾಡಿದ್ದು ಆ ಬೋರ್ಡು ಒಂದೇ ಇರಬೇಕು. ಹೊಲ ಅವರದ್ದಾಗಿತ್ತು, ಅದಕ್ಕೆ ಆಯ್ತು.

ತಮ್ಮನ ಮಗನ ಹತ್ರ ಮೊನ್ನೆ ಕೂತು ಮಾತಾಡಿದೆ. ಸಫಾರಿ ಮತ್ತೆ ಶುರುವಾದರೆ ಅವನು ಜೀಪಿಗೆ ಹೋಗಲಿ, ಬೇಡ ಅನ್ನಲ್ಲ. ಆ ಎರಡು ಎಕರೆಯಲ್ಲಿ ಅರ್ಧ ಅವನು ಮಾಡ್ಕೊಳ್ಳಲಿ ಅಂತ ಬಿಟ್ಟಿದ್ದೀನಿ, ನೀರು ನನ್ನ ಬೋರಿಂದಲೇ. "ಆನೆ ಬಂದ್ರೆ?" ಅಂದ. "ಅಟ್ಟಣೆ ಐತಲ್ಲ, ಸರದಿ ಮೇಲೆ ಕೂರಾಣ" ಅಂದೆ. ನಿನ್ನೆ ರಾತ್ರಿ ಅವನೇ ಕೂತಿದ್ದ. ಬೆಳಗ್ಗೆ ಬಂದು, "ದೊಡ್ಡಪ್ಪ, ನಾಕು ಆನೆ ಟ್ರೆಂಚು ಹತ್ರ ಬಂದು ವಾಪಸ್ ಹೋದ್ವು, ಗೆಸ್ಟ್ ಇದ್ದಿದ್ರೆ ಕುಣಿದಾಡೋರು" ಅಂದ.

ತರಕಾರಿ ಆಟೊ ಮತ್ತೆ ಶುರು ಮಾಡೋಕೆ ಇನ್ನೂ ನಾಕು ಜನ ಬೇಕು. ಈ ಸಲ ಲಾಡ್ಜಿನ ಜೊತೆಗೆ ಗುಂಡ್ಲುಪೇಟೆ ಹೋಟೆಲು, ಹಾಸ್ಟೆಲುಗಳಿಗೂ ಕೊಡೋಣ ಅಂತ ಯೋಚನೆ, ಒಂದು ಬಾಗಿಲು ಮುಚ್ಚಿದ್ರೆ ಇನ್ನೊಂದು ಇರಲಿ. ಆಸಕ್ತಿ ಇದ್ದವರು ಭಾನುವಾರ ಸಂಜೆ ಹೊಲದ ಹತ್ರ ಬನ್ನಿ. ಮತ್ತೆ ಬ್ರೋಕರ್ ಫೋನ್ ಬಂದವರು ಸಹಿ ಹಾಕೋ ಮುಂಚೆ ಒಂದು ಸಲ ನನ್ನ ತಮ್ಮನ ಹತ್ರ ಮಾತಾಡಿ. ಅವನು ಮುಚ್ಚುಮರೆ ಇಲ್ಲದೆ ಹೇಳ್ತಾನೆ.